ಗುಂಡಿ ಒತ್ತಿದ್ರ ಹಾಡೋದು ವಾದ್ಯ ಅಲ್ಲ ದೋಸ್ತ
1/5
ಅಕ್ಕನ ಮಗನಿಗೆ ಎರಡು ವರ್ಷ ತುಂಬ್ತು. ಕ್ಲಾಸಿನ ನಾವು ನಾಲ್ಕು ಮಂದಿ ರೊಕ್ಕ ಕೂಡಿಸಿ, ಕಲಬುರಗಿಯ ಒಂದು ಅಂಗಡ್ಯಾಗ ಲೈಟ್ ಹತ್ತೋ ಪಿಯಾನೊ ತಗೊಂಡು ಕಮಲಾಪುರದ ಬಸ್ ಹತ್ತಿದ್ವಿ. ಮೂರನೇ ದಿನ ಅಕ್ಕನ ಫೋನ್: "ಮುಚ್ಚಳ ಕಿತ್ತು ಬಂದದ. ಸೆಲ್ ಇವನ ಕೈಯಾಗಿತ್ತು, ಬಾಯಾಗ ಹಾಕ್ಕೊಳ್ಳೋದ್ರಾಗ ನೋಡಿದೆ."

ತಪ್ಪು ನಮ್ದೇ. ಕೆಂಬಾಳಿ ತಗೊಳ್ಳೋವಾಗ ನಾಲ್ಕು ಸಲ ಒತ್ತಿ ನೋಡ್ತೀವಿ. ಪಿಯಾನೊದ ಲೈಟ್ ಅಷ್ಟೇ ನೋಡಿದ್ವಿ.

2/5 ಮೊದಲು ಜೀವ
ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ತಾಸಿನಲ್ಲಿ ಒಳಗೆ ಸುಟ್ಟ ಗಾಯ ಆಗಬಹುದು. ನುಂಗಿರಬಹುದು ಅಂತ ಅನುಮಾನ ಬಂದ್ರೂ ಸಾಕು, ಕಾಯಬ್ಯಾಡ್ರಿ, ಸೀದಾ ದವಾಖಾನಿಗೆ ಹೋಗ್ರಿ. ಸೆಲ್ಲಿನ ಮುಚ್ಚಳಕ್ಕ ಸ್ಕ್ರೂ ಇಲ್ಲಂದ್ರ ಆ ಆಟಿಗಿ ಬ್ಯಾಡ.

ಸೆಲ್ ಇಲ್ಲದ್ದಕ್ಕೂ ಪರೀಕ್ಷೆ ಬೇಕು. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ. ಅದಕ್ಕಿಂತ ಸ್ವಲ್ಪ ದೊಡ್ಡ ಚೂರು ಕೂಡ ಮೂರು ವರ್ಷದೊಳಗಿನ ಕೂಸಿನ ಗಂಟಲಿಗೆ ಅಪಾಯ. ಗೆಜ್ಜಿ, ಮಣಿ, ಕಡ್ಡಿಯ ತುದಿಯ ಗುಂಡು, ಎಲ್ಲಾ ಜಗ್ಗಿ ನೋಡ್ರಿ.

2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಅದನ್ನೂ ಹುಡುಕ್ರಿ.

3/5 ಆಮೇಲೆ ಕಿವಿ
2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಟಿಯು ಹಾಡು ಕೇಳೋ ಸಾಧನಗಳಿಗೆ ಇಟ್ಟ ಮಿತಿ: ದೊಡ್ಡವರಿಗೆ ವಾರಕ್ಕೆ 40 ತಾಸು 80 ಡೆಸಿಬೆಲ್, ಮಕ್ಕಳಿಗೆ 75. ಕೂಸಿನ ಕೈ ಗಿಡ್ಡ, ಆಟಿಗಿ ಕಿವಿ ಹತ್ರಾನೇ ಇರ್ತದ. ಅದಕ್ಕ ಅಂಗಡ್ಯಾಗ ನಿಮ್ಮ ಕಿವಿಗೇ ಹಚ್ಚಿ ಬಾರಿಸ್ರಿ. ನಿಮಗೇ ಚುಚ್ಚಿದ್ರ ಅಲ್ಲೇ ಬಿಡ್ರಿ. ಹಿತ್ತಾಳಿ ತಾಳಾನೂ ಕೋಣ್ಯಾಗ ಬಾರಿಸಿದ್ರ ಭಾಳ ಜೋರು. ಅದು ಅಂಗಳಕ್ಕ ಇರ್ಲಿ.

4/5 ಆಮೇಲೆ ಸ್ವರ
ಎಂಟು ಪಟ್ಟಿಯ ಝೈಲೊಫೋನ್ ತಗೊಳ್ಳೋರು ಮೊದಲ ಪಟ್ಟಿ, ಕೊನೆಯ ಪಟ್ಟಿ ಎರಡನ್ನೂ ಒಟ್ಟಿಗೆ ಬಾರಿಸ್ರಿ. ಕೆಳಗಿನ ಸಾ, ಮೇಲಿನ ಸಾ ಒಂದರೊಳಗೊಂದು ಕೂಡಬೇಕು. ಜಗಳಾಡಿದ್ರ ಅದು ಬಣ್ಣದ ತಗಡು ಅಷ್ಟೇ. "ಸಣ್ಣ ಕೂಸಿಗೇನ್ ತಿಳೀತದ" ಅನ್ನೋದು ನನಗ ಒಪ್ಪಿಗಿ ಇಲ್ಲ. ದಿನಾ ಕೇಳೋ ಮಾತಿನಿಂದಾನೇ ಕೂಸು ಮಾತು ಕಲೀತದ, ಸ್ವರಾನೂ ಹಂಗೇ.

5/5 ಹಂಗಾದ್ರ ಏನ್ ತಗೋಬೇಕು?
ಒಂದೇ ಸಾಕು, ಆದ್ರ ಖರೇ ವಾದ್ಯ ಇರ್ಲಿ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗಿಲಕಿ, ಇಲ್ಲಾ ನಮ್ಮ ಭಜನಿ ಮ್ಯಾಳದಾಗ ಬಾರಿಸೋ ದಮ್ಮಡಿ, ಸಣ್ಣದು, ಗೆಜ್ಜಿ ಇಲ್ಲದ್ದು. ಅಂಚು ನುಣ್ಣಗಿರಬೇಕು, ಮೊಳಿ ಹೊರಗ ಬಂದಿರಬಾರದು.

ಪಿಯಾನೊದ ಗುಂಡಿ ಮೆಲ್ಲಗ ಒತ್ರಿ, ಜೋರಾಗಿ ಒತ್ರಿ, ಬರೋದು ಅದೇ ಹಾಡು. ದಮ್ಮಡಿ ಹಂಗಲ್ಲ. ಮೆಲ್ಲಗ ಬಡಿದ್ರ ಮೆಲ್ಲಗ ನುಡೀತದ, ಜೋರಾಗಿ ಬಡಿದ್ರ ಜೋರಾಗಿ. "ಈ ಸಪ್ಪಳ ನನ್ನ ಕೈದು" ಅಂತ ಕೂಸಿಗೆ ಗೊತ್ತಾಗ್ತದ. ಸಂಗೀತ ಶುರುವಾಗೋದೇ ಅಲ್ಲಿಂದ.

ನಾವು ಮತ್ತ ರೊಕ್ಕ ಕೂಡಿಸಿ ದಮ್ಮಡಿ ಕೊಟ್ವಿ. ಸಂಜಿಗೆ ಮುತ್ಯಾ ಪದ ಹಾಡ್ತಾನ, ಇವ ಬಡೀತಾನ. ತಾಳ ತಪ್ತದ. ತಪ್ಪಲಿ ಬಿಡ್ರಿ, ಮುತ್ಯಾ ಪಕ್ಕದಾಗೇ ಕೂತಾನ.

ನಿಮ್ಮನಿ ಕೂಸು ಏನ್ ಬಾರಿಸ್ತದ? ಕೆಳಗ ಬರೀರಿ. ಬರ್ತ್‌ಡೇ ಗಿಫ್ಟ್ ತರೋಕ ಹೊಂಟ ದೋಸ್ತಗ ಇದನ್ನ ಕಳಸ್ರಿ.

#ಕಲಬುರಗಿ #ಕಮಲಾಪುರ #ದಮ್ಮಡಿ