ನೂರೆಂಟು ಮೆಗಾಪಿಕ್ಸೆಲ್ ಮತ್ತು ಅಕ್ಕನ ಮುಖ



ಎರಡು ತಿಂಗಳಿಂದ ಇಲ್ಲಿ ಏನನ್ನೂ ಬರೆಯಲಿಲ್ಲವೇಕೆಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ನನ್ನ ಆರೋಗ್ಯ ಚೆನ್ನಾಗಿಯೇ ಇದೆ. ಕೆಟ್ಟದ್ದು ನನ್ನ ಮೊಬೈಲ್ ಫೋನು. ಏಳು ವರ್ಷ ದುಡಿದ ಅದರ ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳವನ್ನೇ ಮೇಲೆತ್ತಿಬಿಟ್ಟಿತ್ತು. ಬ್ಯಾಟರಿಯನ್ನಷ್ಟೇ ಬದಲಿಸೋಣವೆಂದರೆ, ಇಷ್ಟು ಹಳೆಯ ಫೋನಿನಲ್ಲಿ ತಾನು ತೆರೆದುಕೊಳ್ಳಲಾರೆನೆಂದು ಬ್ಯಾಂಕಿನ ಆ್ಯಪು ಮುಷ್ಕರ ಹೂಡಿತ್ತು. ಹೊಸದನ್ನು ಕೊಳ್ಳದೆ ಗತ್ಯಂತರವಿರಲಿಲ್ಲ. ನನ್ನ ಬೇಡಿಕೆಗಳು ಎರಡೇ: ಬೆಲೆ ಹದಿನೆಂಟು ಸಾವಿರ ರೂಪಾಯಿ ಮೀರಬಾರದು, ಕ್ಯಾಮೆರಾ ಚೆನ್ನಾಗಿರಬೇಕು. ಇದನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಬಳಗದಲ್ಲಿ ಬಾಯಿಬಿಟ್ಟು ಹೇಳಿದ್ದೇ ತಪ್ಪಾಯಿತು.

ಸಲಹೆಗಳ ಮಳೆಯೇ ಸುರಿಯಿತು. ಒಬ್ಬ ೫೦ ಎಂದ, ಇನ್ನೊಬ್ಬ ೬೪ ಎಂದ. ಬೆಂಗಳೂರಿನಲ್ಲಿ ದೊಡ್ಡ ಹುದ್ದೆಯಲ್ಲಿರುವ ಮತ್ತೊಬ್ಬ, ‘ಸಾರ್, ೧೦೮ ಮೆಗಾಪಿಕ್ಸೆಲ್ ಇರೋದನ್ನ ಕಣ್ಣು ಮುಚ್ಕೊಂಡು ತಗೊಳ್ಳಿ’ ಎಂದು ತೀರ್ಪು ಕೊಟ್ಟ. ಕ್ಯಾಮೆರಾವನ್ನು ಕಣ್ಣು ಮುಚ್ಚಿಕೊಂಡು ಕೊಳ್ಳುವುದೆ! ಇವರಿಗೆಲ್ಲ ಎಂಟನೆಯ ತರಗತಿಯಲ್ಲಿ ರಟ್ಟಿನ ಡಬ್ಬಿಗೆ ತೂತು ಕೊರೆದು ಸೂಜಿರಂಧ್ರ ಬಿಂಬಗ್ರಾಹಿ ಮಾಡಿಸಿದವನು ನಾನೇ. ಬೆಳಕಿನ ಪಾಠ ಇಷ್ಟು ಬೇಗ ಮರೆತುಹೋಯಿತೆ? ಆದ್ದರಿಂದ ಈ ಬರಹ. ಕೊಂಚ ಖಾರವೆನಿಸಿದರೆ ಮೇಷ್ಟ್ರ ಹಳೆಯ ಚಾಳಿಯೆಂದು ಸಹಿಸಿಕೊಳ್ಳಿ.

ನೂರೆಂಟು ಎಂಬ ಸಂಖ್ಯೆಗೆ ನಮ್ಮಲ್ಲಿ ಮೊದಲೇ ಒಂದು ಮಹಿಮೆಯಿದೆ. ಅಷ್ಟೋತ್ತರ ಶತವೆಂದರೆ ಕೈ ತಾನಾಗಿ ಮುಗಿಯುತ್ತದೆ. ಅದೇ ಸಂಖ್ಯೆ ಫೋನಿನ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದರೂ ಮುಗಿಯಬೇಕೆ? ನಮ್ಮ ಕೆಸರೆಯ ಒಂದು ೩೦×೪೦ರ ನಿವೇಶನವನ್ನು ನೆನೆಯಿರಿ. ಅದರ ತುಂಬ ಹನ್ನೆರಡು ಅಗಲವಾದ ಕೊಪ್ಪರಿಗೆಗಳನ್ನು ಇಟ್ಟು ಮಳೆನೀರು ಹಿಡಿಯಬಹುದು, ಅಥವಾ ನೂರೆಂಟು ಪಾತ್ರೆಗಳನ್ನು ಒತ್ತೊತ್ತಾಗಿ ಜೋಡಿಸಿಯೂ ಹಿಡಿಯಬಹುದು. ಪಾತ್ರೆ ಹೆಚ್ಚಿದ ಮಾತ್ರಕ್ಕೆ ಮಳೆ ಹೆಚ್ಚು ಸುರಿಯುವುದಿಲ್ಲ. ಒಂದೊಂದರಲ್ಲೂ ಬೀಳುವುದು ಅಲ್ಪಸ್ವಲ್ಪ. ಆಗ ಮಾಡುವುದೇನು? ಒಂಬತ್ತೊಂಬತ್ತು ಪಾತ್ರೆಗಳ ನೀರನ್ನು ಒಂದಕ್ಕೆ ಸುರಿದುಕೊಳ್ಳುವುದು. ೧೦೮ ಮೆಗಾಪಿಕ್ಸೆಲಿನ ಫೋನು ಸಾಮಾನ್ಯವಾಗಿ ಮಾಡುವುದೂ ಇದನ್ನೇ: ಒಂಬತ್ತು ಬಿಂದುಗಳನ್ನು ಒಂದಾಗಿ ಕಲಸಿ ೧೨ ಮೆಗಾಪಿಕ್ಸೆಲಿನ ಚಿತ್ರವನ್ನು ಕೊಡುತ್ತದೆ. ೫೦ರದ್ದು ನಾಲ್ಕನ್ನು ಒಂದು ಮಾಡಿ ಹನ್ನೆರಡೂವರೆಗೆ ಇಳಿಯುತ್ತದೆ. ಪೆಟ್ಟಿಗೆಯ ಮೇಲಿನ ನೂರೆಂಟು ಕೈಗೆ ಬರುವಾಗ ಹನ್ನೆರಡು!

ಹೆಚ್ಚು ನೀರು ಬೇಕಿದ್ದರೆ ನಿವೇಶನವೇ ದೊಡ್ಡದಿರಬೇಕು. ಫೋನಿನಲ್ಲಿ ಆ ನಿವೇಶನದ ಹೆಸರು ಸೆನ್ಸರ್, ಅಂದರೆ ಮಸೂರದ ಹಿಂದೆ ಬೆಳಕನ್ನು ಹಿಡಿಯುವ ಫಲಕ. ಅದರ ಅಳತೆಯನ್ನು ೧/೨.೭೬ ಅಂಗುಲ, ೧/೧.೯೫ ಅಂಗುಲ, ೧/೧.೫೬ ಅಂಗುಲ ಎಂದು ಬರೆದಿರುತ್ತಾರೆ. ಇವುಗಳಲ್ಲಿ ದೊಡ್ಡದು ಯಾವುದು? ಛೇದ ಚಿಕ್ಕದಾದಷ್ಟೂ ಭಿನ್ನರಾಶಿ ದೊಡ್ಡದು. ಪ್ರಾಥಮಿಕ ಶಾಲೆಯ ಲೆಕ್ಕ. ಕಡಮೆ ಬೆಲೆಯ ಎಷ್ಟೋ ಫೋನುಗಳ ‘೫೦’ ಕುಳಿತಿರುವುದು ಆ ೧/೨.೭೬ರ ಗೇಣುದ್ದದ ಜಾಗದಲ್ಲಿ. ಪೆಟ್ಟಿಗೆಯ ಮೇಲೆ ಈ ಭಿನ್ನರಾಶಿಯನ್ನು ದೊಡ್ಡಕ್ಷರದಲ್ಲಿ ಅಚ್ಚು ಹಾಕಿದವರನ್ನು ನಾನಂತೂ ಕಂಡಿಲ್ಲ.

ಇನ್ನು ಹಿಂಬದಿಯಲ್ಲಿ ದೋಸೆಕಾವಲಿಯ ಗುಳಿಗಳಂತೆ ಮೂರು ನಾಲ್ಕು ಕಣ್ಣುಗಳು. (ಗುಳಿಗಳಿರುವುದು ಪಡ್ಡಿನ ಹಂಚಿಗೆ, ದೋಸೆಕಾವಲಿಗಲ್ಲವೆಂದು ನನ್ನಾಕೆ ತಿದ್ದಿದಳು. ಸರಿ.) ಅವುಗಳಲ್ಲಿ ನಿಜವಾಗಿ ದುಡಿಯುವುದು ಬಹುಮಟ್ಟಿಗೆ ಒಂದೇ. ಉಳಿದವು ೨ ಮೆಗಾಪಿಕ್ಸೆಲಿನ ಉತ್ಸವಮೂರ್ತಿಗಳು. ಕೆಲವು ಅಗ್ಗದ ಫೋನುಗಳಲ್ಲಂತೂ ಒಂದು ಸುತ್ತು ಬರಿಯ ಅಲಂಕಾರ, ಅದರ ಹಿಂದೆ ಏನೂ ಇಲ್ಲ.

ಇಷ್ಟೇ ಆಗಿದ್ದರೆ ವ್ಯಾಪಾರದ ಚಮತ್ಕಾರವೆಂದು ನಕ್ಕು ಸುಮ್ಮನಾಗುತ್ತಿದ್ದೆ. ಸುಮ್ಮನಿರಲಾಗದ ಕಾರಣ ಬೇರೆಯಿದೆ.

ಅಕ್ಕನನ್ನು ಬಂಧುಗಳೆಲ್ಲ ಬಲ್ಲಿರಿ. ವಿದ್ಯಾರ್ಥಿಗಳಲ್ಲಿ ಬೇಸಿಗೆ ರಜೆಯಲ್ಲಿ ನಮ್ಮ ಮನೆಗೆ ಲೆಕ್ಕ ಹೇಳಿಸಿಕೊಳ್ಳಲು ಬರುತ್ತಿದ್ದವರು ಆಕೆಯ ಕೈಯ ಉಪ್ಪಿಟ್ಟು ತಿಂದಿದ್ದೀರಿ. ಐದನೆಯ ವಯಸ್ಸಿನಲ್ಲಿ ಆಕೆಗೆ ಸಿಡುಬು ಬಂದಿತ್ತು. ರೋಗದ ಹೆಸರೆತ್ತದೆ ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರಂತೆ. ಜೀವ ಉಳಿಯಿತು, ಮುಖದ ತುಂಬ ಕಲೆ ಉಳಿಯಿತು. ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು ೧೯೭೫ರಲ್ಲಿ. ೧೯೮೦ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಆ ಕಲೆಗಳನ್ನು ಹೊತ್ತವರು ಈಗ ಒಬ್ಬೊಬ್ಬರಾಗಿ ತೆರಳುತ್ತಿದ್ದಾರೆ. ಅಕ್ಕ ೨೦೨೪ರ ಜನವರಿಯಲ್ಲಿ ತೆರಳಿದಳು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಫೋಟೋ ಬೇಕಾಯಿತು. ಸೋದರಳಿಯ ತನ್ನ ಫೋನಿನಲ್ಲಿ, ಹಿಂದಿನ ಯುಗಾದಿಯ ರಾತ್ರಿ ನಡುಮನೆಯ ಮಂದ ದೀಪದಲ್ಲಿ ತೆಗೆದಿದ್ದ ಚಿತ್ರವನ್ನೇ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದ. ಹಾರ ಹಾಕಲು ಹೋದವನು ನಾನು ಹಾಗೆಯೇ ನಿಂತುಬಿಟ್ಟೆ. ಕೆನ್ನೆಗಳು ಮೈದಾಹಿಟ್ಟಿನ ಕಣಕದಂತೆ ನುಣ್ಣಗಿದ್ದವು. ಒಂದು ಕಲೆಯಿಲ್ಲ, ಒಂದು ಸುಕ್ಕಿಲ್ಲ. ಎಣ್ಣೆಗಪ್ಪಿನ ಅಕ್ಕ ಗೋಧಿಬಣ್ಣದವಳಾಗಿದ್ದಳು. ಸೀರೆ ಅಕ್ಕನದು, ಮೂಗುಬೊಟ್ಟು ಅಕ್ಕನದು, ಮುಖ ಯಾರದೋ!

ಇದು ಸೋದರಳಿಯನ ತಪ್ಪಲ್ಲ. ಅವನು ಗುಂಡಿ ಒತ್ತಿದನಷ್ಟೆ. ಬೆಳಕು ಸಾಲದಾದಾಗ ಚಿಕ್ಕ ಸೆನ್ಸರಿನ ಚಿತ್ರದ ಮೇಲೆಲ್ಲ ರವೆ ಚೆಲ್ಲಿದಂತೆ ಚುಕ್ಕೆಗಳು ಏಳುತ್ತವೆ. ಒಳಗಿನ ತಂತ್ರಾಂಶ ಅವನ್ನು ಒರೆಸಿ ನುಣುಪು ಮಾಡುತ್ತದೆ. ಆ ಒರೆಸುವ ಬಟ್ಟೆಗೆ ರವೆ ಯಾವುದು, ಸಿಡುಬಿನ ಕಲೆ ಯಾವುದು ಎಂಬ ವಿವೇಕವಿಲ್ಲ, ಎರಡನ್ನೂ ಒರೆಸುತ್ತದೆ. ಅದರ ಮೇಲೆ ‘ಬ್ಯೂಟಿ’ ಎಂಬ ಇನ್ನೊಂದು ಏರ್ಪಾಡು. ಎಷ್ಟೋ ಫೋನುಗಳಲ್ಲಿ ನಾವು ಕೇಳುವ ಮೊದಲೇ ಅದು ಜಾರಿಯಲ್ಲಿರುತ್ತದೆ, ಚರ್ಮವನ್ನು ಬೆಳ್ಳಗೆ ಮಾಡುತ್ತದೆ. ಬೆಳಕು ಹಿಡಿಯಲಾಗದ ದೌರ್ಬಲ್ಯಕ್ಕೆ ಚೆಲುವಿನ ಹೆಸರು! ಇದಕ್ಕೆ ನಾವು ತೆರುವ ಬೆಲೆಯಲ್ಲಿ ಶೇಕಡ ೧೮ರಷ್ಟು ಜಿಎಸ್‌ಟಿಯೂ ಸೇರಿದೆ (೨೦೨೦ರ ಏಪ್ರಿಲ್‌ಗೆ ಮೊದಲು ೧೨ ಇತ್ತು).

ಈ ರೋಗ ಇಂದಿನದಲ್ಲ. ಬಣ್ಣದ ಫಿಲ್ಮಿನ ಕಾಲದಲ್ಲಿ ಕೊಡಕ್ ಕಂಪನಿಯವರು ಮುದ್ರಣಾಲಯಗಳಿಗೆ ಒಂದು ಮಾದರಿ ಚಿತ್ರವನ್ನು ಕಳಿಸುತ್ತಿದ್ದರು. ಬಣ್ಣ ಸರಿಯಿದೆಯೇ ಎಂದು ಅದರೊಡನೆ ಹೋಲಿಸಿ ನೋಡಬೇಕು. ಅದರಲ್ಲಿದ್ದವಳು ಬಿಳಿಯ ಹೆಂಗಸು. ‘ಶರ್ಲಿ ಕಾರ್ಡ್’ ಎಂದೇ ಅದರ ಹೆಸರು. ಅವಳ ಮೈಬಣ್ಣ ಸರಿಬಂದರೆ ಎಲ್ಲವೂ ಸರಿ. ಕಪ್ಪುಜನರ ಮುಖ ಮಸಿಯಾಗಿ ಬಂದರೆ ಕೇಳುವವರಿಲ್ಲ. ಕಂಪನಿ ಕಿವಿಗೊಟ್ಟದ್ದು ಯಾವಾಗ ಗೊತ್ತೆ? ಚಾಕೊಲೇಟ್ ತಯಾರಕರೂ ಮರದ ಪೀಠೋಪಕರಣದವರೂ ತಮ್ಮ ಸರಕುಗಳ ಕಂದುಬಣ್ಣದ ಭೇದಗಳು ಜಾಹೀರಾತಿನಲ್ಲಿ ಕಾಣುತ್ತಿಲ್ಲವೆಂದು ದೂರಿದಾಗ! ಕಡೆಗೆ ೨೦೨೧ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ೬ ಫೋನಿನೊಡನೆ ‘ರಿಯಲ್ ಟೋನ್’ ಎಂಬುದನ್ನು ತಂದು, ಎಲ್ಲ ಮೈಬಣ್ಣಗಳನ್ನೂ ಇದ್ದಂತೆ ತೋರುವುದೇ ಗುರಿಯೆಂದಿತು. ಒಳ್ಳೆಯದೇ. ಆದರೆ ಅಂಥವು ಬಂದದ್ದು ದುಬಾರಿ ಫೋನುಗಳಲ್ಲಿ. ಹದಿನೆಂಟು ಸಾವಿರದವರು ಬೆಳ್ಳಗಾಗಿ ಸುಮ್ಮನಿರಬೇಕೆ?

ಅಕ್ಕನ ಮಗಳು ನನ್ನೊಡನೆ ವಾದಿಸಿದಳು. ‘ಮಾವ, ಅಮ್ಮ ಎಷ್ಟು ಲಕ್ಷಣವಾಗಿ ಕಾಣ್ತಾಳೆ, ಇರಲಿ ಬಿಡಿ. ಬದುಕಿರೋವರೆಗೂ ಆ ಕಲೆ ಅವಳನ್ನ ಬಿಡಲಿಲ್ಲ, ಫೋಟೋದಲ್ಲಾದ್ರೂ ಬಿಡಲಿ.’ ಮಗಳ ಮಾತು. ನಾನು ತಟ್ಟನೆ ಉತ್ತರ ಕೊಡಲಾರದೆ ಹೋದೆ. ಆದರೆ ಅವಳಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿದೆ. ಅದನ್ನು ಇಂದು ಬರೆದುಬಿಡುತ್ತೇನೆ.

೧೯೬೩ರಲ್ಲಿ ಅಕ್ಕನಿಗೆ ಗಂಡು ಹುಡುಕುತ್ತಿದ್ದಾಗ ಅಪ್ಪ ಆಕೆಯನ್ನು ಪೇಟೆಯ ಸ್ಟುಡಿಯೋಕ್ಕೆ ಕರೆದೊಯ್ದರು. ಆ ಕಾಲದ ಸ್ಟುಡಿಯೋಗಳಲ್ಲಿ ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ತಿದ್ದುವ ಕಲೆಗಾರರಿದ್ದರು. ಕಲೆಗಳೆಲ್ಲ ಮಾಯವಾದವು. ಆ ಫೋಟೋ ನೋಡಿ ಗಂಡಿನ ಕಡೆಯವರು ಬಂದರು, ಅಕ್ಕನನ್ನು ನೋಡಿದರು, ತಿಂಡಿ ತಿಂದರು, ಹೊರಟರು. ವಾರದ ಮೇಲೆ ಕಾಗದ ಬಂತು. ಅಮ್ಮ ಅತ್ತಳು. ಅಕ್ಕ ಅಳಲಿಲ್ಲ. ಅಂದು ಸಂಜೆ ಹಿತ್ತಲಿನಲ್ಲಿ ಪಾತ್ರೆ ಬೆಳಗುತ್ತ ನನಗೆ ಹೇಳಿದಳು: ‘ಆ ಫೋಟೋದಲ್ಲಿರೋಳು ನಾನಲ್ಲ ಕಣೋ. ಅವರು ಅವಳನ್ನ ನೋಡೋಕೆ ಬಂದ್ರು. ಅವಳು ಮನೇಲಿರಲಿಲ್ಲ, ಹೊರಟುಹೋದ್ರು.’ ಎರಡು ವರ್ಷದ ಮೇಲೆ ಭಾವನವರು ಬಂದರು. ಅವರು ಫೋಟೋ ಕೇಳಿರಲೇ ಇಲ್ಲ. ಆ ಸ್ಟುಡಿಯೋ ಫೋಟೋ ಅಕ್ಕನ ಟ್ರಂಕಿನ ತಳದಲ್ಲಿ ಕಾಗದದ ಕೆಳಗೆ ಕವುಚಿ ಬಿದ್ದಿತ್ತು, ಗೋಡೆಗೆ ಏರಲಿಲ್ಲ. ಅರುವತ್ತು ವರ್ಷದ ಮೇಲೆ ಆ ಇನ್ನೊಬ್ಬಳನ್ನು ಫೋನು ಮತ್ತೆ ಕರೆತಂದು ಗೋಡೆಗೇರಿಸಿದೆ. ನನ್ನ ಕೋಪ ಇದು.

ಇರಲಿ, ಖರೀದಿಯ ವಿಷಯಕ್ಕೆ ಬರುತ್ತೇನೆ. ೨೦೨೫ರ ದಸರಾಕ್ಕೆ ಮೊದಲು, ರಿಯಾಯಿತಿಗಳ ಗದ್ದಲದಲ್ಲಿ, ಕೆಸರೆಯಿಂದ ಬಸ್ಸು ಹತ್ತಿ ದೇವರಾಜ ಅರಸು ರಸ್ತೆಗೆ ಹೋದೆ. ಮಳಿಗೆಯೊಳಗೆ ಮದುವೆಮಂಟಪದ ಬೆಳಕು. ಅಂಥ ಬೆಳಕಿನಲ್ಲಿ ಯಾವ ಕ್ಯಾಮೆರಾ ತಾನೆ ಕೆಟ್ಟದಾಗಿ ಕಂಡೀತು? ಅಲ್ಲಿದ್ದ ಹುಡುಗನನ್ನು, ‘ಆ ಮೆಟ್ಟಿಲ ಕೆಳಗೆ ಸ್ವಲ್ಪ ಕತ್ತಲಿದೆಯಲ್ಲ, ಅಲ್ಲಿ ಬಂದು ನಿಲ್ಲಪ್ಪ’ ಎಂದೆ. ಅವನಿಗೆ ವಿಚಿತ್ರವೆನಿಸಿತು, ಆದರೂ ಬಂದು ನಿಂತ. ಒಳ್ಳೆಯ ಕಪ್ಪುಬಣ್ಣದ, ಹುಬ್ಬಿನ ಮೇಲೊಂದು ಗಾಯದ ಗುರುತಿದ್ದ ಹುಡುಗ. ೧೦೮ರ ಫೋನಿನಲ್ಲಿ ತೆಗೆದೆ. ಗುರುತು ಮಾಯ, ಹುಬ್ಬು ಬಳಿದ ಮಸಿಯಂತೆ. ಅವನಿಗೆ ತೋರಿಸಿದರೆ ಮುಖವರಳಿಸಿ, ‘ಸೂಪರ್ ಸಾರ್, ಬೆಳ್ಳಗೆ ಬಂದಿದೀನಿ’ ಎಂದ. ನನಗೆ ಪಿಚ್ಚೆನಿಸಿತು. ಬ್ಯೂಟಿಯನ್ನು ಆರಿಸಿ ಇನ್ನೊಮ್ಮೆ ತೆಗೆದೆ. ಬಣ್ಣ ಅರ್ಧ ಮರಳಿತು, ಗುರುತು ಮರಳಲಿಲ್ಲ. ಹೀಗೆ ಐದು ಫೋನುಗಳು. ಪ್ರತಿಯೊಂದರಲ್ಲೂ ಅದೇ ಹುಡುಗ, ಅದೇ ಮೆಟ್ಟಿಲು. ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ಹುಬ್ಬಿನ ಕೂದಲು ಎಣಿಸಲು ಬರುತ್ತದೆಯೇ ಎಂದು ನೋಡುವುದು. ಜೇಬಿನಲ್ಲಿದ್ದ ಪಂಚಾಂಗದ ಪುಟವೊಂದನ್ನು ತೆಗೆದು ಚಿಕ್ಕಕ್ಷರ ಓದಬಹುದೇ ಎಂದು ನೋಡುವುದು. ಮೂರನೆಯ ಫೋನಿನ ಹೊತ್ತಿಗೆ ಹುಡುಗನಿಗೇ ಆಸಕ್ತಿ ಹುಟ್ಟಿತ್ತು. ‘ಇದ್ರಲ್ಲಿ ನನ್ನ ಗಾಯ ಕಾಣ್ಸುತ್ತೆ ಸಾರ್’ ಎಂದು ಅವನೇ ಕೂಗಿದ.

ಅದನ್ನೇ ಕೊಂಡೆ. ಅದು ಹಿಂದಿನ ವರ್ಷ ಇನ್ನೂ ಮೇಲಿನ ದರ್ಜೆಯಲ್ಲಿ ಮಾರಾಟವಾಗುತ್ತಿದ್ದು, ಹೊಸತು ಬಂದಮೇಲೆ ಬೆಲೆ ಇಳಿದ ಮಾದರಿ. ಮೆಗಾಪಿಕ್ಸೆಲ್ ೫೦ ಮಾತ್ರ. ಸೆನ್ಸರ್ ದೊಡ್ಡದು, ಓಐಎಸ್ ಇದೆ. ಓಐಎಸ್ ಎಂದರೆ ಕೈ ನಡುಗಿದರೆ ಅದಕ್ಕೆ ಎದುರಾಗಿ ಮಸೂರ ತಾನೂ ಸರಿದು ಚಿತ್ರ ಕಲಸದಂತೆ ಕಾಯುವ ಏರ್ಪಾಡು. ನನ್ನ ವಯಸ್ಸಿನ ಕೈಗಳಿಗೆ ನೂರೆಂಟಕ್ಕಿಂತ ಇದು ದೊಡ್ಡ ಉಪಕಾರ. ಇದಿದ್ದರೆ ಮಂದ ಬೆಳಕಿನಲ್ಲಿ ಫೋನು ಹೆಚ್ಚು ಹೊತ್ತು ಕಣ್ಣು ತೆರೆದಿರಬಲ್ಲದು, ರವೆ ಕಡಮೆಯಾಗುತ್ತದೆ, ಒರೆಸುವ ಕೆಲಸವೂ ಕಡಮೆ.

ಒಂದು ಕಡೆ ನಾನು ಸೋತೆನೆಂಬುದನ್ನೂ ಒಪ್ಪುತ್ತೇನೆ. ಹಿಂದಿನ ವರ್ಷದ ಮಾದರಿಯಾದ್ದರಿಂದ ತಂತ್ರಾಂಶದ ನವೀಕರಣ ಬರುವ ವರ್ಷಗಳಲ್ಲಿ ಒಂದು ಆಗಲೇ ಕಳೆದಿತ್ತು. ೨೦೨೪ರಲ್ಲಿ ಬಂದ ಸ್ಯಾಮ್‌ಸಂಗ್ ಎ೧೬ಕ್ಕೆ ಆರು ವರ್ಷಗಳ ನವೀಕರಣದ ಭರವಸೆಯಿದೆ, ಆದರೆ ಅದರಲ್ಲಿ ಓಐಎಸ್ ಇಲ್ಲ. ಬಡವರ ದರ್ಜೆಯಲ್ಲಿ ಒಂದಿದ್ದರೆ ಇನ್ನೊಂದಿಲ್ಲ. ಯುರೋಪಿನ ಒಕ್ಕೂಟದಲ್ಲಿ ೨೦೨೫ರ ಜೂನ್ ೨೦ರಿಂದ ಕಾನೂನೇ ಆಗಿದೆ: ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ನವೀಕರಣ ಕೊಡಬೇಕು, ಏಳು ವರ್ಷ ಬಿಡಿಭಾಗ ಸಿಗಬೇಕು. ನಮ್ಮಲ್ಲಿ ೨೦೨೨ರಲ್ಲಿ ದುರಸ್ತಿಯ ಹಕ್ಕಿಗೆಂದು ಕೇಂದ್ರ ಸರ್ಕಾರ ಒಂದು ಜಾಲತಾಣವನ್ನು ತೆರೆಯಿತು. ಜಾಲತಾಣ ಬೇರೆ, ಕಾನೂನು ಬೇರೆ. ವಕೀಲಿ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳು ಮೆಗಾಪಿಕ್ಸೆಲ್ ಎಣಿಸುವುದನ್ನು ಬಿಟ್ಟು ಈ ಕಡೆ ಗಮನ ಕೊಟ್ಟರೆ ಸಂತೋಷ.

ಹೊಸ ಫೋನಿನ ಮೊದಲ ಕೆಲಸವೆಂದು ಹಳೆಯ ಆಲ್ಬಮ್ ತೆಗೆದೆ. ೧೯೭೪ರಲ್ಲಿ, ಸಂಬಳದಲ್ಲಿ ಉಳಿಸಿ ಕೊಂಡ ಆಗ್ಫಾ ಕ್ಲಿಕ್-೩ ಕ್ಯಾಮೆರಾದಲ್ಲಿ, ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮ್ ಹಾಕಿ ತೆಗೆದ ಅಕ್ಕನ ಚಿತ್ರವೊಂದಿದೆ. ಒಂದು ಸುರುಳಿಗೆ ಹನ್ನೆರಡೇ ಚಿತ್ರ, ಹನ್ನೊಂದು ಹಾಳಾಗಿದ್ದವು. ಇದೊಂದರಲ್ಲಿ ಅಕ್ಕ ಬಾವಿಕಟ್ಟೆಗೆ ಒರಗಿ, ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಗುತ್ತಿದ್ದಾಳೆ. ಮಗ್ಗುಲಿನಿಂದ ಬಿದ್ದ ಬಿಸಿಲಿನಲ್ಲಿ ಒಂದೊಂದು ಕಲೆಯೂ ತನ್ನ ಪುಟ್ಟ ನೆರಳಿನೊಡನೆ ಎದ್ದು ಕಾಣುತ್ತದೆ. ಬೆಳಗ್ಗೆ ಒಂಬತ್ತರ ಹೊತ್ತಿಗೆ ನಮ್ಮ ಮನೆಯ ಪೂರ್ವದ ಕಿಟಕಿಯಲ್ಲಿ ಅದನ್ನಿಟ್ಟು, ಬ್ಯೂಟಿಯನ್ನು ಆರಿಸಿ, ಅದರ ಪ್ರತಿ ತೆಗೆದೆ. ಕಲೆಗಳೆಲ್ಲ ಬಂದಿವೆ.

ಅದನ್ನು ಸೋದರಳಿಯನಿಗೂ ಅವನ ತಂಗಿಗೂ ಕಳಿಸಿದ್ದೇನೆ. ತಂಗಿಯಿಂದ ಉತ್ತರವಿಲ್ಲ. ಅವನು ‘ನೋಡಿದೆ ಮಾವ’ ಎಂದಷ್ಟೇ ಬರೆದಿದ್ದಾನೆ. ಗೋಡೆಯ ಮೇಲೆ ಈಗಲೂ ಇರುವುದು ಆ ನುಣ್ಣನೆಯ ಹೆಂಗಸೇ. ಯುಗಾದಿಗೆ ಅವರ ಮನೆಗೆ ಹೋಗುವವನಿದ್ದೇನೆ. ಕಟ್ಟು ಹಾಕಿಸಿದ ಪ್ರತಿಯೊಂದನ್ನು ಚೀಲದಲ್ಲಿಟ್ಟುಕೊಂಡೇ ಹೋಗುತ್ತೇನೆ.