ಜಾಫರ್ ಷರೀಫ್ ಅವರ ರೈಲ್ವೆ ಲೆಕ್ಕ

ಮಂತ್ರಿಯೊಬ್ಬರ ಅಧಿಕಾರಾವಧಿ ಮುಗಿದ ಮೇಲೆ ವರ್ತಕರ ಖಾತೆ ಪುಸ್ತಕದಲ್ಲಿ ಏನು ಉಳಿಯುತ್ತದೆ? ಉತ್ತರ ಬೆಂಗಳೂರಿನ ಮಟ್ಟಿಗೆ ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದುದು ದಿವಂಗತ ಸಿ.ಕೆ. ಜಾಫರ್ ಷರೀಫ್ ಅವರನ್ನು ಕುರಿತು.

1933ರಲ್ಲಿ ಚಳ್ಳಕೆರೆಯಲ್ಲಿ ಜನಿಸಿದ ಷರೀಫ್, ಎಸ್. ನಿಜಲಿಂಗಪ್ಪನವರ ಒಡನಾಟದಲ್ಲಿ ಬೆಳೆದು, 1969ರ ಕಾಂಗ್ರೆಸ್ ವಿಭಜನೆಯಲ್ಲಿ ಇಂದಿರಾ ಗಾಂಧಿಯವರ ಜೊತೆ ನಿಂತರು. 1971ರಲ್ಲಿ ಕನಕಪುರದಿಂದ ಲೋಕಸಭೆ ಪ್ರವೇಶಿಸಿದ ಅವರು, 1977ರಿಂದ 1991ರವರೆಗಿನ ಐದೂ ಚುನಾವಣೆಗಳಲ್ಲಿ, ಅನಂತರ 1998 ಮತ್ತು 1999ರಲ್ಲಿ ಬೆಂಗಳೂರು ಉತ್ತರದಿಂದ ಆರಿಸಿಬಂದರು. 1980ರ ದಶಕದ ಆರಂಭದಲ್ಲಿ ರೈಲ್ವೆ ರಾಜ್ಯ ಸಚಿವರಾಗಿದ್ದವರು 1991ರಿಂದ 1995ರವರೆಗೆ ನರಸಿಂಹರಾವ್ ಸಂಪುಟದಲ್ಲಿ ರೈಲ್ವೆ ಸಚಿವರಾಗಿದ್ದರು. 2018ರ ನವೆಂಬರ್ 25ರಂದು ನಿಧನರಾದರು.

ಅವರ ಹೆಸರಿನೊಡನೆ ನಿಲ್ಲುವ ಕೆಲಸ 1992ರಲ್ಲಿ ಆರಂಭವಾದ ಯೂನಿಗೇಜ್ ಯೋಜನೆ. ಎಂಟನೇ ಪಂಚವಾರ್ಷಿಕ ಯೋಜನೆಯ ಅವಧಿಯಲ್ಲಿ ಸುಮಾರು 6,000 ಕಿ.ಮೀ. ಮೀಟರ್‌ಗೇಜ್ ಹಾಗೂ ನ್ಯಾರೋಗೇಜ್ ಮಾರ್ಗವನ್ನು ಬ್ರಾಡ್‌ಗೇಜ್‌ಗೆ ಪರಿವರ್ತಿಸುವ ಗುರಿ ಅದಕ್ಕಿತ್ತು. ಹೊಸ ಮಾರ್ಗ ಹಾಗೂ ವಿದ್ಯುದೀಕರಣಕ್ಕೆ ಸಲ್ಲಬೇಕಾದ ಹಣ ಇದಕ್ಕೆ ಹರಿಯಿತೆಂಬ ಟೀಕೆಯೂ ಆಗ ಬಂದಿತು. ಆದರೆ ವರ್ತಕರು ನೋಡಬೇಕಾದ ಲೆಕ್ಕ ಬೇರೆ. ಗೇಜ್ ಬದಲಾಗುವ ನಿಲ್ದಾಣದಲ್ಲಿ ಸರಕನ್ನು ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ತುಂಬಬೇಕಿತ್ತು. ಹಮಾಲಿ, ಒಡೆತ, ಸೋರಿಕೆ, ಕಳವು, ವಿಮಾ ಕ್ಲೇಮು ಹಾಗೂ ದಾರಿಯಲ್ಲೇ ಕೂತ ಸರಕಿನ ಮೇಲಿನ ಬ್ಯಾಂಕ್ ಬಡ್ಡಿ, ಇಷ್ಟೂ ಸರಕಿನ ಬೆಲೆಗೆ ಸೇರುತ್ತಿತ್ತು. ಬೆಂಗಳೂರು–ಮೈಸೂರು, ಬೆಂಗಳೂರು–ಹುಬ್ಬಳ್ಳಿ ಮಾರ್ಗಗಳು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆದಾಗ ಈ ವೆಚ್ಚದ ಬಾಬ್ತು ಖಾತೆಯಿಂದಲೇ ಮರೆಯಾಯಿತು.

ಯಲಹಂಕದ ಗಾಲಿ ಮತ್ತು ಅಚ್ಚು ಕಾರ್ಖಾನೆಯ ಶ್ರೇಯವನ್ನು ಪೂರ್ತಿಯಾಗಿ ಅವರೊಬ್ಬರಿಗೇ ಕೊಡುವುದು ನ್ಯಾಯವಲ್ಲ. ಅದರ ಯೋಜನೆ ಅವರಿಗಿಂತ ಹಿಂದಿನದು. ಆದರೂ ಅವರು ರಾಜ್ಯ ಸಚಿವರಾಗಿದ್ದ ವರ್ಷಗಳಲ್ಲಿ ಅದು ಕಟ್ಟಿ ಮುಗಿದು 1984ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿಯವರೆಗೆ ರೈಲ್ವೆಗೆ ಬೇಕಾದ ಗಾಲಿ-ಅಚ್ಚುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದೇಶದಿಂದ ಬರುತ್ತಿದ್ದವು.

ಜಮೆಯಷ್ಟೇ ಬರೆದರೆ ಲೆಕ್ಕ ತಾಳೆಯಾಗದು. 1995ರ ಲಂಡನ್ ಚಿಕಿತ್ಸಾ ಪ್ರವಾಸಕ್ಕೆ ಸಿಬ್ಬಂದಿಯನ್ನು ಸಾರ್ವಜನಿಕ ಉದ್ಯಮಗಳ ಖರ್ಚಿನಲ್ಲಿ ಕರೆದೊಯ್ದರೆಂದು ಸಿಬಿಐ ಹೂಡಿದ ಮೊಕದ್ದಮೆ ವರ್ಷಗಟ್ಟಲೆ ಅವರನ್ನು ಹಿಂಬಾಲಿಸಿತು. ಸುಪ್ರೀಂ ಕೋರ್ಟ್ ಅದನ್ನು 2012ರಲ್ಲಿ ರದ್ದುಪಡಿಸಿತು. ಗೇಜ್ ಪರಿವರ್ತನೆಯ ಅನುಷ್ಠಾನವೂ ಎಲ್ಲೆಡೆ ಒಂದೇ ವೇಗದಲ್ಲಿ ನಡೆಯಲಿಲ್ಲ. ಅವರು ಸಂಪುಟ ತೊರೆದ ಮೇಲೆ, 1996ರಲ್ಲಿ, ಪರಿವರ್ತನೆಗೆಂದು ಮುಚ್ಚಿದ ಹಾಸನ–ಮಂಗಳೂರು ಮಾರ್ಗದಲ್ಲಿ ಸರಕು ಗಾಡಿ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರಲ್ಲಿ. ಒಳ್ಳೆಯ ನಿರ್ಧಾರವೂ ಬೆನ್ನುಹತ್ತಿ ನಡೆಸುವವರಿಲ್ಲದಿದ್ದರೆ ನಷ್ಟದ ಬಾಬ್ತಾಗುತ್ತದೆ.

ಇದೇ ಪಾಠ ಇಂದು ಜಾಲಹಳ್ಳಿಗೆ ಬೇಕಾಗಿದೆ. ಇಲ್ಲಿಯ ಸಣ್ಣ ಕೈಗಾರಿಕೆಗಳಿಗೂ ಪಕ್ಕದ ಪೀಣ್ಯಕ್ಕೂ ನಿತ್ಯ ಬರುವ ಕಾರ್ಮಿಕರಿಗೆ ಅನುಕೂಲವಾಗಬೇಕಾದ ಬೈಯಪ್ಪನಹಳ್ಳಿ–ಚಿಕ್ಕಬಾಣಾವರ ಉಪನಗರ ರೈಲು ಮಾರ್ಗಕ್ಕೆ, ನಗರದ ಇತರ ಮಾರ್ಗಗಳೊಡನೆ, 2020ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದಾಗ ಹೇಳಿದ ಗಡುವು 40 ತಿಂಗಳು. ಆ ಗಡುವು 2025ರ ಅಕ್ಟೋಬರ್‌ನಲ್ಲಿ ಕಳೆಯಿತು, ಮಾರ್ಗ ಮುಗಿದಿರಲಿಲ್ಲ. ತಡವಾಗಿ ತಲಪುವ ಕೆಲಸಗಾರನ ಪ್ರತಿ ಅರ್ಧ ಗಂಟೆಯೂ ಯಂತ್ರದ ನಿಷ್ಕ್ರಿಯ ವೆಚ್ಚವಾಗಿ ಮಾಲೀಕನ ತಲೆಗೇ ಬರುತ್ತದೆ.

ಷರೀಫರಂತೆ ಕ್ಷೇತ್ರವನ್ನೂ ಖಾತೆಯನ್ನೂ ಒಟ್ಟಿಗೆ ಹಿಡಿದ ಮಂತ್ರಿ ಮತ್ತೆ ದೊರೆಯಲೆಂದು ಕಾಯುತ್ತ ಕೂರುವುದು ವ್ಯಾಪಾರಸ್ಥರ ಲಕ್ಷಣವಲ್ಲ. ವಾಣಿಜ್ಯ ಸಂಸ್ಥೆಗಳು ಪಕ್ಷಭೇದವಿಲ್ಲದೆ ತಮ್ಮ ಸಂಸದರಿಂದ ಮೂರು ತಿಂಗಳಿಗೊಮ್ಮೆ ಭೂಸ್ವಾಧೀನ, ಅನುದಾನ, ಗುತ್ತಿಗೆ, ಕಾಮಗಾರಿ ಎಂಬ ನಾಲ್ಕು ಬಾಬ್ತಿನ ಲಿಖಿತ ತಖ್ತೆಯನ್ನು ಕೇಳಿ ಪಡೆಯಬೇಕು. ಸಾಲಗಾರನಿಗೆ ಒಂದು ತಿಂಗಳು ತಡವಾದರೆ ನೋಟಿಸು ಕಳುಹಿಸುವ ವರ್ತಕರು, ತಮ್ಮ ತೆರಿಗೆಯ ಹಣದಿಂದ ಆಗಬೇಕಾದ ಕೆಲಸದ ಬಾಕಿಯನ್ನು ವಸೂಲು ಮಾಡಲು ಏಕೆ ಸಂಕೋಚಪಡಬೇಕು?