ಕಾಲರಾ ಯಾರಿಗೆ ತಗಲುತ್ತದೆ? ಸುಡಾನ್ ಕೊಡುವ ಉತ್ತರ

ಕಾಲರಾ, ಅಂದರೆ ನಮ್ಮ ಹಿರಿಯರು ವಾಂತಿಭೇದಿ ಎಂದು ಕರೆಯುತ್ತಿದ್ದ ರೋಗ, ಯಾರಿಗೆ ತಗಲುತ್ತದೆ? ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗ ಈ ಪ್ರಶ್ನೆಗೆ ಉತ್ತರವಾಗಿ ಅಪಾಯಕಾರಿ ಅಂಶಗಳ ಪಟ್ಟಿಯೊಂದನ್ನು ನಾನು ಬಾಯಿಪಾಠ ಮಾಡಿದ್ದೆ. ಸುಡಾನಿನ ವರದಿಗಳನ್ನು ಓದುತ್ತಿರುವಾಗ ಆ ಪಟ್ಟಿಯ ಕ್ರಮವನ್ನು ಮತ್ತೊಮ್ಮೆ ಯೋಚಿಸಬೇಕೆನಿಸಿದೆ.

ವಿಬ್ರಿಯೊ ಕಾಲರೆ ಎಂಬ ರೋಗಾಣು, ಸೋಂಕಿತರ ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ದೇಹವನ್ನು ಸೇರುತ್ತದೆ. ಆರೋಗ್ಯವಂತರ ಜಠರಾಮ್ಲವು ಅದರ ಬಹುಪಾಲನ್ನು ನಾಶಪಡಿಸುವುದರಿಂದ, ರೋಗ ಬರಲು ಅಪಾರ ಸಂಖ್ಯೆಯ ರೋಗಾಣುಗಳು ಬೇಕು. ಎದೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆ ಸೇವಿಸುವವರಿಗೆ, ಜಠರದ ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಿಕೊಂಡವರಿಗೆ ಅದಕ್ಕಿಂತ ಎಷ್ಟೋ ಕಡಿಮೆ ಸಾಕು. 'ಓ' ಗುಂಪಿನ ರಕ್ತದವರಿಗೆ ಸೋಂಕು ತಗಲಿದರೆ ಭೇದಿ ತೀವ್ರವಾಗುವ ಸಂಭವ ಹೆಚ್ಚು. ಅಪೌಷ್ಟಿಕತೆಯಿಂದ ಬಳಲುವ ಮಕ್ಕಳು, ರೋಗಿಯೊಂದಿಗೆ ಒಂದೇ ಮನೆಯಲ್ಲಿರುವವರು ಕೂಡ ಪಟ್ಟಿಯಲ್ಲಿದ್ದಾರೆ.

ಇವೆಲ್ಲವೂ ನಿಜ. ಆದರೆ ಶ್ವೇತ ನೈಲ್ ನದಿಯ ದಡದ ಕೋಸ್ಟಿ ಪಟ್ಟಣದಲ್ಲಿ ನಡೆದುದನ್ನು ನೋಡಿ. 2025ರ ಫೆಬ್ರವರಿಯಲ್ಲಿ ಅಲ್ಲಿಯ ವಿದ್ಯುತ್ ಸ್ಥಾವರದ ಮೇಲೆ ದಾಳಿಯಾಯಿತು. ನೀರೆತ್ತುವ ಪಂಪುಗಳು ನಿಂತವು. ಜನರು ಕತ್ತೆಗಾಡಿಗಳಲ್ಲಿ ತಂದ ನದಿಯ ನೀರನ್ನೇ ಕುಡಿದರು. ಕೆಲವೇ ವಾರಗಳಲ್ಲಿ ರೋಗಿಗಳ ಸಂಖ್ಯೆ ಎರಡು ಸಾವಿರವನ್ನು ಮೀರಿತು. ಆ ಅವಧಿಯಲ್ಲಿ ಅಲ್ಲಿಯ ಜನರ ರಕ್ತದ ಗುಂಪಾಗಲಿ ಜಠರಾಮ್ಲವಾಗಲಿ ಬದಲಾಗಿರಲಿಲ್ಲ. ಬದಲಾದದ್ದು ಅವರು ಕುಡಿದ ನೀರು. ಮೇ ತಿಂಗಳಲ್ಲಿ ಖಾರ್ತೂಮ್ ಪ್ರಾಂತದ ವಿದ್ಯುತ್ ಕೇಂದ್ರಗಳ ಮೇಲೆ ಡ್ರೋನ್ ದಾಳಿಯಾದಾಗಲೂ ಇದೇ ಮರುಕಳಿಸಿತು.

2025ರ ಆಗಸ್ಟ್ ವೇಳೆಗೆ, ಒಂದು ವರ್ಷದಲ್ಲಿ, ಸುಡಾನಿನಲ್ಲಿ ಸುಮಾರು 1 ಲಕ್ಷ ಶಂಕಿತ ಪ್ರಕರಣಗಳು ಮತ್ತು 2,400ಕ್ಕೂ ಹೆಚ್ಚು ಸಾವುಗಳು ವರದಿಯಾಗಿದ್ದವು. ಅಂದರೆ ನೂರಕ್ಕೆ ಇಬ್ಬರಿಗಿಂತ ಹೆಚ್ಚು. ಕಳೆದುಹೋದ ನೀರು ಮತ್ತು ಲವಣಗಳನ್ನು ಸಕಾಲದಲ್ಲಿ ತುಂಬಿಕೊಟ್ಟರೆ ಈ ಪ್ರಮಾಣ ಶೇಕಡಾ 1ಕ್ಕಿಂತ ಕಡಿಮೆಯಿರುತ್ತದೆ. ತೀವ್ರ ಕಾಲರಾ ರೋಗಿ ಕೆಲವೇ ಗಂಟೆಗಳಲ್ಲಿ ಸಾಯಬಹುದಾದ್ದರಿಂದ, ಚಿಕಿತ್ಸಾ ಕೇಂದ್ರಕ್ಕಿರುವ ದೂರವೂ ಒಂದು ಅಪಾಯಕಾರಿ ಅಂಶವೇ.

ಲಸಿಕೆಯಿದೆ, ಆದರೆ ಸಾಲದು. ಜಾಗತಿಕ ದಾಸ್ತಾನಿನ ಕೊರತೆಯಿಂದಾಗಿ 2022ರ ಅಕ್ಟೋಬರಿನಲ್ಲಿ, ರೋಗ ಹರಡಿದ ಪ್ರದೇಶಗಳಲ್ಲಿ ಎರಡು ಡೋಸುಗಳ ಬದಲು ಒಂದನ್ನೇ ಕೊಡಲು ನಿರ್ಧರಿಸಲಾಯಿತು. ಒಂದು ಡೋಸಿನ ರಕ್ಷಣೆ ಹೆಚ್ಚು ಕಾಲ ಉಳಿಯುವುದಿಲ್ಲ. ಅದು ಶುದ್ಧ ನೀರಿಗೆ ಪರ್ಯಾಯವೂ ಅಲ್ಲ.

ಹೊರದೇಶಗಳಲ್ಲಿ ನೆಲೆಸಿರುವ ನಮಗೆ ಈ ರೋಗದ ಭಯ ಅತ್ಯಲ್ಪ. ಆದರೂ 2024ರ ಏಪ್ರಿಲ್‌ನಲ್ಲಿ, ನೀರಿನ ಕೊರತೆ ತೀವ್ರವಾಗಿದ್ದ ಬೆಂಗಳೂರಿನಲ್ಲಿಯೂ ಕಾಲರಾ ಪ್ರಕರಣಗಳು ದೃಢಪಟ್ಟಿದ್ದವು. ಊರಿಗೆ ಹೋದಾಗ ಕುದಿಸಿ ಆರಿಸಿದ ನೀರನ್ನು ಕುಡಿಯಿರಿ. ಹೊರಗಿನ ಐಸ್, ಕತ್ತರಿಸಿಟ್ಟ ಹಣ್ಣುಗಳನ್ನು ದೂರವಿಡಿ. ಆಮ್ಲ ತಗ್ಗಿಸುವ ಮಾತ್ರೆ ಸೇವಿಸುವವರು ತಾವಾಗಿಯೇ ಅದನ್ನು ನಿಲ್ಲಿಸದೆ, ಹೊರಡುವ ಮುನ್ನ ವೈದ್ಯರನ್ನು ಕೇಳಿರಿ. ನೀರಿನಂತಹ ಭೇದಿ ಶುರುವಾದರೆ ಓಆರ್‌ಎಸ್ ಕುಡಿಯಲು ಆರಂಭಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿರಿ.

ನಮಗೆ ಇಂತಹ ಆಯ್ಕೆಗಳಿವೆ. ಕೋಸ್ಟಿಯ ಜನರಿಗೆ ಇರಲಿಲ್ಲ. ನೀರು ಕುದಿಸಿರಿ ಎಂಬ ಸಲಹೆ ಅವರಿಗೂ ಗೊತ್ತಿತ್ತು. ಅವರ ಬಳಿ ಇಲ್ಲದಿದ್ದುದು ಓಡುವ ಪಂಪು. ಆದ್ದರಿಂದ ಇಂದು ಯಾರಾದರೂ ಕೇಳಿದರೆ, ಪಟ್ಟಿಯ ಮೊದಲ ಸಾಲಿನಲ್ಲಿ ನಾನು ಅದನ್ನೇ ಬರೆಯುತ್ತೇನೆ.